ಮೇಟಿ ಇಲ್ಲದ ಕಣ

"ನೋಡ್ ಯಮ್ಮಾ, ನಾ ಮಾಡಿದ್ದಕ್ಕೆಲ್ಲಾ ಒಂದ ದಿನದ ಆಯುಷ್ಯ. ಗಂಗಾವತ್ಯಾಗ ಒಂದು ಮದುವಿಗೆ ಎರಡು ಹಂಸ ಕಡದು ಕೊಟ್ಟೆ. ಒಂದೊಂದು ನನ್ನ ಎದಿ ಮಟ ಇದ್ವು. ರೆಕ್ಕಿ ಒಳಗಿನ ಗರಿ ಬೇಕಾದ್ರ ಎಣಿಸಬೇಕು, ಹಂಗ ಕಡದಿದ್ದೆ. ಮದುಮಗ ಅವುಗಳ ನಡು ನಿಂತು ಫೋಟೋ ತಗಸಿಕೊಂಡ. ಮಂದಿ ಮುಟ್ಟಿ ಮುಟ್ಟಿ ನೋಡಿದ್ರು. ಮರುದಿನ ಸ್ಟೇಜ್ ಬಿಚ್ಚಾಕ ಹೋದ್ರ, ಮಂಟಪದ ಹಿಂದ ಎಂಜಲ ಎಲಿ ಜೋಡಿ ತಿಪ್ಪ್ಯಾಗ ಬಿದ್ದಿದ್ವು. ಒಂದಕ್ಕ ಕುತಿಗಿ ಇರಲಿಲ್ಲ. ಒಂದರ ಬಾಲ ಆಡು ಕಡೀತಿತ್ತು. ಆಡಿಗೇನು ಬೈಯೋದು. ಬೈದ್ರ ಮದುವಿ ಮನ್ಯಾರಿಗೆ ಬೈಬೇಕು. ಅವರಿಗಾದ್ರೂ ಏನಂತ ಬೈಲಿ? ರೊಕ್ಕ ಕೊಟ್ಟಾರ, ಅವರ ಹಂಸ, ಅವರ ತಿಪ್ಪಿ. ಆದ್ರ ಹನ್ನೆರಡು ವರ್ಷ ಥರ್ಮಾಕೋಲ್ ಕಡದೇನಿ ಯಮ್ಮಾ. ಎಷ್ಟು ಮದುಮಕ್ಕಳ ಹೆಸರು, ಎಷ್ಟು ನವಿಲು, ಎಷ್ಟು ಗೋಪುರ. ಇವತ್ತ ಒಂದು ತೋರಿಸು ಅಂದ್ರ ನನ್ನ ಹತ್ರ ಒಂದೂ ಇಲ್ಲ. ಬಡಿಗ್ಯಾರು ಬಾಗಲಾ ತೋರಸ್ತಾರ, ಗೌಂಡಿ ಗ್ವಾಡಿ ತೋರಸ್ತಾನ. ನಾ ಏನು ತೋರಸ್ಲಿ? ಅದಕ್ಕ ಈ ಸಲ ಥರ್ಮಾಕೋಲ್ ನಿಂದರಸಾಂಗಿಲ್ಲ, ಹಾರಸ್ತೀನಿ. ಮ್ಯಾಲ ಹೋದದ್ದನ್ನ ಯಾರು ತಿಪ್ಪಿಗೆ ಒಗಿತಾರ ನೋಡೂಣು. ಬಿದ್ರ ಬೀಳ್ಲಿ. ಬಿದ್ದ ಮ್ಯಾಲ ಒಗ್ಯಾಕೂ ನನ್ನ ಕೈಲೇ ಒಗಿತೀನಿ, ಮಂದಿ ಕೈಲೇ ಅಲ್ಲ."

ತಳಕಲ್ಲಿನ ರೇಣುಕಾ ಈ ಮಾತು ಹೇಳಿದ್ದು ನನ್ನ ಮನೆಯ ಕಟ್ಟೆಯ ಮೇಲೆ, ಅವರೆಕಾಯಿ ಸುಲಿಯುತ್ತ. ಅವಳ ಮನೆ, ನನ್ನ ಮನೆ ಗೋಡೆಗೆ ಗೋಡೆ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಬರೆಯುವುದು ಕಡಿಮೆ, ಕೇಳುವುದು ಹೆಚ್ಚು. ಅವಳು ಮಾತಾಡುವಾಗ ನಡುವೆ ಬಾಯಿ ಹಾಕದೆ ಕುಳಿತಿದ್ದರಿಂದ ಇಷ್ಟೆಲ್ಲ ನೆನಪಿದೆ.

ಅವಳ ತವರು ಇಟಗಿ. ಏಳನೆಯ ತರಗತಿ ಮುಗಿಸಿ, ದೊಡ್ಡವಳಾಗಿ, ನಮ್ಮೂರ ಪರಮೇಶನನ್ನು ಮದುವೆಯಾಗಿ ಬಂದಳು. ಪರಮೇಶ ಬಾಡಿಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಒಳ್ಳೆಯ ಮನುಷ್ಯ, ಇಬ್ಬರು ಜಗಳ ಮಾಡಿದರೆ ಇಬ್ಬರಿಗೂ ಹೌದು ಎನ್ನುವವನು. ಯಲಬುರ್ಗಾದಲ್ಲಿ ಮದುವೆ ಸ್ಟೇಜು ಕಟ್ಟುವವನೊಬ್ಬನ ಹತ್ತಿರ ರೇಣುಕಾ ಹೂಮಾಲೆ ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಗಂಡಸರು ಬಿಲ್ಲಿನಂಥ ಚೌಕಟ್ಟಿಗೆ ಸಣ್ಣ ತಂತಿ ಬಿಗಿದು, ಅದಕ್ಕೆ ಕರೆಂಟು ಕೊಟ್ಟು ಕಾಯಿಸಿ, ಥರ್ಮಾಕೋಲನ್ನು ಬೆಣ್ಣೆಯ ಹಾಗೆ ಕತ್ತರಿಸುವುದನ್ನು ನೋಡಿದಳು. ಕೇಳಿದರೆ, "ಅದು ಹೆಣ್ಮಕ್ಕಳ ಕೆಲಸ ಅಲ್ಲವಾ, ಕೈ ಸುಟ್ಟುಕೋತಿ" ಎಂದರು. ಮನೆಗೆ ಬಂದು ಹಳೆಯ ಸೈಕಲ್ಲಿನ ಕಡ್ಡಿ, ಕೆಟ್ಟ ಹೀಟರಿನ ತಂತಿ ಹುಡುಕಿ ತಾನೇ ಒಂದು ಬಿಲ್ಲು ಮಾಡಿಕೊಂಡಳು. ಕೈ ಸುಟ್ಟುಕೊಂಡಳು, ಸುಳ್ಳಲ್ಲ. ಈಗಲೂ ಅವಳ ಎಡಗೈ ಬೆರಳ ತುದಿಗೆ ಬಿಸಿ ಹಾಲಿನ ಲೋಟ ಹಿಡಿದರೂ ಬಿಸಿ ಗೊತ್ತಾಗುವುದಿಲ್ಲ. ಆದರೆ ಎರಡು ವರ್ಷದಲ್ಲಿ ಆ ಮನುಷ್ಯನೇ ಅಕ್ಷರ ಕಡಿಸಲು ಅವಳ ಬಾಗಿಲಿಗೆ ಬರತೊಡಗಿದ. ಪಕ್ಕದ ಓಣಿಯ ರಾಜಾಬೀ ಅವಳ ಜೊತೆ ಸೇರಿಕೊಂಡಳು. ರೇಣುಕಾ ಕಡಿಯುವುದು, ರಾಜಾಬೀ ಜರಿ ಕಾಗದ ಅಂಟಿಸುವುದು.

ವಿಮಾನದ ಹುಚ್ಚು ಹಿಡಿದದ್ದು ಕುಷ್ಟಗಿಯಲ್ಲಿ. ಅಲ್ಲಿಯ ಒಂದು ಕಾಲೇಜಿನ ಸಮಾರಂಭಕ್ಕೆ ಸ್ಟೇಜು ಕಟ್ಟಲು ಹೋಗಿದ್ದಾಗ ಹೊರಗಿನಿಂದ ಬಂದ ಯಾರೋ ಮೈದಾನದಲ್ಲಿ ರಿಮೋಟಿನ ಜೆಟ್ ವಿಮಾನ ಹಾರಿಸಿದರು. ರೇಣುಕಾ ಏಣಿಯ ಮೇಲಿದ್ದವಳು ಕೆಳಗಿಳಿದು ಬಂದು, ಅದು ನೆಲಕ್ಕೆ ಇಳಿಯುವವರೆಗೂ ಕತ್ತು ಎತ್ತಿಕೊಂಡೇ ನಿಂತಿದ್ದಳಂತೆ. ಆಮೇಲೆ ಹತ್ತಿರ ಹೋಗಿ ಕೇಳಿಕೊಂಡು ಎತ್ತಿ ನೋಡಿದಳು. ಮೈ ಪೂರಾ ಥರ್ಮಾಕೋಲಿನ ಜಾತಿಯದೇ. "ನನ್ನ ಸಾಮಾನು ಯಮ್ಮಾ ಅದು. ನಮ್ಮನಿ ಸಾಮಾನ ಹಾರಾಕತ್ತೈತಿ, ನಾ ಕೆಳಗ ನಿಂತು ಬಾಯಿ ತಕ್ಕೊಂಡು ನೋಡಾಕತ್ತೇನಿ" ಎಂದು ನನ್ನ ಮುಂದೆ ಸಿಟ್ಟಿನಿಂದಲೇ ಹೇಳಿದಳು.

ಮೊದಲು ಮುಂದೆ ಪಂಕ ಇರುವ ಒಂದು ಸಣ್ಣ ವಿಮಾನ ಮಾಡಿ, ಕೈಯಿಂದ ಒಗೆದು ಹಾರಿಸಿ ಕಲಿತಳು. ಅದು ಜಾಲಿ ಗಿಡಕ್ಕೆ ಹೊಡೆಯಿತು, ಬಾವಿಗೆ ಬಿತ್ತು, ಒಮ್ಮೆ ಕುರಿಹಿಂಡಿನ ನಡುವೆ ಇಳಿದು ಕುರುಬರ ಕಡೆಯಿಂದ ಬೈಗುಳ ತಿಂದಿತು. ಮುರಿದಷ್ಟು ಸಲ ಅಂಟಿಸಿದಳು. ಮೊಬೈಲಿನಲ್ಲಿ ಮಂದಿ ಯಾವ ಭಾಷೆಯಲ್ಲೋ ಹೇಳುವುದನ್ನು ನೋಡುತ್ತಿದ್ದಳು. ಮಾತು ತಿಳಿಯುತ್ತದೆಯೇ ಎಂದು ಕೇಳಿದರೆ, "ಮಾತು ಬಿಡು, ಅವರ ಕೈ ನೋಡ್ತೀನಿ" ಎನ್ನುತ್ತಿದ್ದಳು. ಕೈ ಪಳಗಿದ ಮೇಲೆ ಜೆಟ್ಟಿಗೆ ಶುರುಮಾಡಿದಳು. ಜೆಟ್ಟಿಗೆ ಮುಂದೆ ಪಂಕ ಇರುವುದಿಲ್ಲ. ಹೊಟ್ಟೆಯೊಳಗೆ ಒಂದು ಕೊಳವೆ, ಕೊಳವೆಯೊಳಗೆ ಒಂದು ಗಟ್ಟಿ ಫ್ಯಾನು. ಅದು ಮುಂದಿನ ಬಾಯಿಯಿಂದ ಗಾಳಿ ಎಳೆದು ಹಿಂದಿನಿಂದ ಉಗುಳುತ್ತದೆ. ಫ್ಯಾನು, ಬ್ಯಾಟರಿ, ರಿಮೋಟು ಹುಬ್ಬಳ್ಳಿಯಿಂದ ಬಂದವು. ಉಳಿದದ್ದೆಲ್ಲ ಮದುವೆಯ ಸಾಮಾನೇ: ಥರ್ಮಾಕೋಲಿನ ಮೈ, ರೆಕ್ಕೆಯ ಬೆನ್ನಿಗೆ ಪೆಂಡಾಲಿನ ಬಿದಿರಿನ ಸೀಳು, ಮೂತಿಗೆ ಕೆಂಪು ಜರಿ ಕಾಗದ.

ವಿಮಾನ ತಯಾರಾಯಿತು. ಓಡಲು ನೆಲ ಇಲ್ಲ.

ಇದನ್ನು ಕೈಯಿಂದ ಒಗೆದರೆ ಆಗುವುದಿಲ್ಲವಂತೆ. ತೂಕ ಹೆಚ್ಚು, ನೆಲದ ಮೇಲೆ ಓಡಿಯೇ ಏಳಬೇಕು. ಅಂಗಳದಲ್ಲಿ ಒಮ್ಮೆ ಫ್ಯಾನು ತಿರುಗಿಸಿ ನೋಡುವಾಗ ಅದು ನೆಲದಲ್ಲಿದ್ದ ಜೋಳದ ಸಿಪ್ಪೆ, ಹರಳು ಎಲ್ಲ ಎಳೆದುಕೊಂಡು ಫ್ಯಾನಿನ ಒಂದು ಅಲಗಿನ ಅಂಚು ಮುಕ್ಕಾಯಿತು. ಅಂದರೆ ನೆಲ ಗಟ್ಟಿಯೂ ಇರಬೇಕು, ಕಸವೂ ಇರಬಾರದು, ಧೂಳೂ ಏಳಬಾರದು. ಸಾಲಿಯ ಮೈದಾನದ ತುಂಬ ಗರಸು ಹರಳು. ಟಾರು ರಸ್ತೆಯ ತುಂಬ ತೊಗರಿ. ಈಗ ನಮ್ಮ ಕಡೆ ಯಾರೂ ಕಣ ಮಾಡುವುದಿಲ್ಲ. ಮಷೀನು ಬಾರದಿದ್ದರೆ ರಸ್ತೆಯ ಮೇಲೆ ಬೆಳೆ ಹಾಸಿ, ಬಸ್ಸು ಲಾರಿಗಳ ಗಾಲಿಯಿಂದಲೇ ತುಳಿಸುತ್ತಾರೆ.

ಕಣದ ಮಾತು ಬಂದದ್ದು ಹೀಗೆಯೇ. "ರಸ್ತಾ ಕಣ ಆಗೈತಿ, ನಿನಗೊಂದು ಕಣಾನ ರಸ್ತಾ ಆಗಬೇಕು" ಎಂದು ನಾನೇ ಅಂದಿದ್ದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, "ಕಣ ಹೆಂಗ ಮಾಡ್ತಾರ ಯಮ್ಮಾ?" ಎಂದು ಕೇಳಿದಳು. ಅವಳು ಮದುವೆಯಾಗಿ ಬರುವ ಹೊತ್ತಿಗೆ ಊರಲ್ಲಿ ಕಣ ನಿಂತೇ ಹೋಗಿದ್ದವು. ಹೇಳಿದೆ: ಮಸಾರಿಯ ಕೆಂಪು ನೆಲ ಬೇಕು, ಎರಿಯ ಕರಿಮಣ್ಣು ಬಿರಿಯುತ್ತದೆ. ಮೇಲಿನ ಮಣ್ಣು ಹೆರೆದು, ನೀರು ಚೆಲ್ಲಿ, ದನ ಆಡಿಸಿ ತುಳಿಸಬೇಕು. ಹದ ನೋಡಿ ಕಲ್ಲಿನ ಗುಂಡು ಎಳೆಯಬೇಕು. ಆಮೇಲೆ ಸಗಣಿ ಬಗ್ಗಡ ಬಳಿಯಬೇಕು, ಒಂದು ಸಲಕ್ಕೆ ಸಾಲದು. ಒಣಗಿದರೆ ಕಾಳು ಬಿದ್ದರೂ ಮಣ್ಣು ಹತ್ತುವುದಿಲ್ಲ.

ಮಸಾರಿ ಹೊಲ ಮನೆತನದ್ದು. ಅದು ಪರಮೇಶನ ಅಣ್ಣ ಮುದಿಯಪ್ಪನ ಕೈಯಲ್ಲಿತ್ತು. ಮುದಿಯಪ್ಪ ಕೆಟ್ಟವನಲ್ಲ, ಕಟ್ಟುಳ್ಳವನು. ಕೂರಿಗೆಗೆ ಪೂಜೆ ಇಲ್ಲದೆ ಬಿತ್ತುವುದಿಲ್ಲ, ಹುಲಿಗೆಮ್ಮನ ಹೆಸರು ಹೇಳದೆ ಬಾವಿಯ ಮೋಟರು ಚಾಲು ಮಾಡುವುದಿಲ್ಲ. ಆ ಮನೆತನದಲ್ಲಿ ಭಾವ ಮತ್ತು ತಮ್ಮನ ಹೆಂಡತಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡುವ ರೂಢಿ ಇಲ್ಲ. ಎದುರಿಗೇ ನಿಂತಿದ್ದರೂ ನಡುವೆ ಪರಮೇಶ ಬೇಕು. ಹೊಲ ಕೇಳಿದ ದಿನ ನಾನು ಅಲ್ಲೇ ಇದ್ದೆ.

ರೇಣುಕಾ ಬಾಗಿಲ ಚೌಕಟ್ಟು ಹಿಡಿದುಕೊಂಡು, "ರೀ, ನಿಮ್ಮ ಅಣ್ಣಾರನ್ನ ಕೇಳ್ರಿ, ಮಸಾರಿ ಹೊಲದಾಗ ಒಂದು ಉದ್ದಾನ ಕಣ ಮಾಡಿಕೊಳ್ಳಲೇನು ಅಂತ" ಎಂದಳು.

ಪರಮೇಶ ಬಾಯಿ ತೆರೆಯುವ ಮೊದಲೇ ಮುದಿಯಪ್ಪ, "ಪರಮ್ಯಾ, ನಿನ್ನ ಹೆಂಡ್ತಿಗೆ ಕೇಳು, ಯಾವ ರಾಶಿಗೆ ಕಣ ಅಂತ" ಎಂದ.

"ಹೇಳ್ರಿ, ಇಮಾನ ಹಾರಸಾಕ ಅಂತ."

"ಇಮಾನಕ್ಕ ಕಣ ಮಾಡಿದವರನ್ನ ನಾ ಎಲ್ಲೂ ಕಂಡಿಲ್ಲ ಅಂತ ಹೇಳು."

"ಈಗ ಕಾಣ್ತೀರಿ ಅಂತ ಹೇಳ್ರಿ."

ಪರಮೇಶ ಯಾರಿಗೂ ಏನೂ ಹೇಳದೆ ನಡುವೆ ನಿಂತಿದ್ದ. ಮುದಿಯಪ್ಪ ಎಲೆ ಅಡಿಕೆ ಮೆಲ್ಲುತ್ತ, "ಹೊಲ ಖಾಲಿ ಐತಿ, ಮಾಡಿಕೊಳ್ಳಲಿ. ಆದ್ರ ನೀರು ಹಾಕಿ, ಗುಂಡು ಎಳದು, ಸಗಣಿ ಬಳದ ಮ್ಯಾಲ ಅದು ಕಣಾನ. ಚಪ್ಪಲಿ ಮೆಟ್ಟಿ ಯಾರೂ ಹತ್ತಬಾರದು. ತಿಂಗಳಿಗೆ ಹೊರಗಾದ ಹೆಣ್ಮಕ್ಕಳು ಬರಬಾರದು. ಅಮಾಸಿ ಆದ ಮ್ಯಾಲ ನಾ ನೇಗಿಲ ಹೂಡ್ತೀನಿ" ಎಂದ.

ರೇಣುಕಾ, "ಚಪ್ಪಲಿ ಬಿಡ್ತೀವಿ ಅಂತ ಹೇಳ್ರಿ. ಎರಡನೇ ಮಾತಿಗೆ ನಾ ಲೆಕ್ಕ ಒಪ್ಪಸಾಂಗಿಲ್ಲ ಅಂತನೂ ಹೇಳ್ರಿ" ಎಂದಳು. ಆ ಮಾತನ್ನು ಪರಮೇಶ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮುದಿಯಪ್ಪನ ಕಿವಿ ಚುರುಕು.

ಕಣ ಶುರುವಾದ ಕೂಡಲೇ ಊರಿಗೆ ಜೀವ ಬಂತು. ವಿಮಾನ ನೋಡಲು ಯಾರೂ ಬರಲಿಲ್ಲ, ಕಣ ನೋಡಲು ಬಂದರು. ಕೈಯಲ್ಲಿ ಕೋಲು ಹಿಡಿದ ಮುದುಕರು ಬದುವಿನ ಮೇಲೆ ಸಾಲಾಗಿ ಕುಳಿತು ಹೇಳಿದ್ದೇ ಹೇಳಿದ್ದು. ನೀರು ಕಡಿಮೆಯಾಯಿತು, ಗುಂಡು ಹಗುರ ಇದೆ, ಬಗ್ಗಡ ತೆಳುವಾಯಿತು. ಪರಮೇಶನ ಟ್ರ್ಯಾಕ್ಟರಿನಿಂದ ಗುಂಡು ಎಳೆಸಿದಾಗ, "ಎತ್ತಿನ ಗೊರಸು ಬೀಳದಿದ್ರ ಅದೆಂಥಾ ಕಣ" ಎಂದು ಒಬ್ಬರು ಎದ್ದೇ ಹೋದರು, ಮರುದಿನ ಮತ್ತೆ ಬಂದರು. ಅವರಲ್ಲೊಬ್ಬ ಹುಚ್ಚೀರಪ್ಪಜ್ಜನಂತೂ ಹಂತಿ ಹೊಡೆದು ಬೆಳೆ ತುಳಿಸುವಾಗ ಎತ್ತುಗಳಿಗೆ ಹೇಳುತ್ತಿದ್ದ ಕೂಗನ್ನು ಕುಳಿತಲ್ಲಿಂದಲೇ ಕೂಗಿ ಕೆಮ್ಮು ಹಚ್ಚಿಕೊಂಡ. ಚಹಾದಂಗಡಿಯಲ್ಲಿ ಪರಮೇಶನಿಗೆ, "ಏನೋ ಪರಮಾ, ನಿನ್ನ ಹೆಂಡ್ತಿ ಕೂಡ ಹುಲಿಗಿ ಜಾತ್ರಿಗೆ ಇನ್ನ ಮ್ಯಾಲ ಬಸ್ಸಿನ್ಯಾಗ ಹೋಗಾಂಗಿಲ್ಲೇನು?" ಎಂದು ಕೇಳುವವರು ಇದ್ದರು. ಅವನು ನಕ್ಕು ಬರುತ್ತಿದ್ದ. ಮನೆಗೆ ಬಂದು, "ಮಂದಿ ಹಿಂಗಂತಾರ" ಎಂದು ಹೇಳುತ್ತಿದ್ದ. "ಅಂದವರನ್ನ ಕರಕೊಂಡು ಬರ್ರಿ, ಬಗ್ಗಡ ಕಲಸಾಕ ಕೈ ಬೇಕು" ಎನ್ನುತ್ತಿದ್ದಳು ಅವಳು.

ಬಗ್ಗಡ ಬಳಿದವರು ನಾವು ಮೂವರೇ. ರೇಣುಕಾ, ರಾಜಾಬೀ, ನಾನು. ನಾನು ಹೆಚ್ಚು ಬಗ್ಗಲಾರೆ. ಕುಳಿತು ಅಂಚು ತೀಡಿದೆ. ಕಣ ಎಂದರೆ ಗುಂಡಗೆ ಇರುವುದು ವಾಡಿಕೆ. ಇದು ಹರಡಿದ ಸೀರೆಯ ಹಾಗೆ ಉದ್ದಕ್ಕೆ ಮಲಗಿತ್ತು. ಒಣಗಿದ ಮೇಲೆ ಹಸಿರು ಹೋಗಿ ಬೂದು ಬಣ್ಣ ಬಂತು. ಅಂಗೈಯಿಂದ ಸವರಿದರೆ ಧೂಳು ಹತ್ತುತ್ತಿರಲಿಲ್ಲ.

ಹಾರಿಸುವ ಹಿಂದಿನ ದಿನ ಸಂಜೆ ವಿಮಾನವನ್ನು ಪಡಸಾಲೆಗೆ ತಂದಿಟ್ಟು ಒಂದೊಂದೇ ನೋಡಿದಳು. ರೆಕ್ಕೆಯ ಅಡಿಯಲ್ಲಿ ಗುರುತು ಮಾಡಿದ ಎರಡು ಕಡೆ ಎರಡು ಬೆರಳು ಕೊಟ್ಟು ಎತ್ತಿದಳು. ಅದು ಬಾಲದ ಕಡೆ ತೂಗಿತು.

"ಹಿಂದ ಭಾರ ಆದ್ರ ಏನಾಕ್ಕೈತಿ?" ಎಂದು ರಾಜಾಬೀ ಕೇಳಿದಳು.

"ಮೂತಿ ಎತ್ತಿಕೊಂಡು ಹೋಗಿ ಬೆನ್ನ ಮ್ಯಾಲ ಬೀಳ್ತೈತಿ. ಹೊಸಾ ರೊಕ್ಕ ಬಂದವರ ಹಂಗ."

ಬ್ಯಾಟರಿ ಕೂರುವ ಗುಳಿಯನ್ನು ಬಿಸಿ ತಂತಿಯಿಂದ ಇನ್ನಷ್ಟು ಮುಂದಕ್ಕೆ ಕೊರೆದು, ಬ್ಯಾಟರಿ ಸರಿಸಿ, ಮತ್ತೆ ಎತ್ತಿದಳು. ಈಗ ತಕ್ಕಡಿಯ ಹಾಗೆ ನಿಂತಿತು. ಆಮೇಲೆ ರಿಮೋಟಿನ ಕಡ್ಡಿ ಎಳೆದು ಬಾಲದ ಪಟ್ಟಿ ಮೇಲಕ್ಕೆ ಏಳುತ್ತದೆಯೋ ಕೆಳಗೆ ಇಳಿಯುತ್ತದೆಯೋ ನೋಡಿದಳು. ರಾಜಾಬೀಗೆ ರಿಮೋಟು ಕೊಟ್ಟು ಓಣಿಯ ಕೊನೆಯವರೆಗೆ ನಡೆಸಿ, ಅಲ್ಲಿಂದ ಕಡ್ಡಿ ಅಲ್ಲಾಡಿಸಿದರೂ ರೆಕ್ಕೆ ಮಾತು ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿದಳು. ಕೇಳಿತು. ಪರಮೇಶ ಒಂದು ನಿಂಬೆಹಣ್ಣು ಹಿಡಿದುಕೊಂಡು ಬಂದು, "ಮೂತಿಗೆ ಕಟ್ಟೂಣೇನು?" ಎಂದ. "ಫ್ಯಾನ್ ನುಂಗ್ತೈತಿ. ಪಾನಕ ಮಾಡಿ ನಮಗ ಕುಡಿಸ್ರಿ" ಎಂದಳು. ಅವನು ಪಾನಕವನ್ನೇ ಮಾಡಿದ.

ಮಾಘ ಮಾಸದ ಬೆಳಗು, ಗಾಳಿ ಇರಲಿಲ್ಲ. ಬಿಸಿಲು ಏರಿದರೆ ಗಾಳಿ ಏಳುತ್ತದೆಂದು ಬೇಗ ಹೊರಟೆವು. ರೇಣುಕಾ ವಿಮಾನವನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದಳು. ಬದುವಿನ ಹತ್ತಿರ ಬಂದು ಚಪ್ಪಲಿ ಬಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಕಣದ ನಟ್ಟನಡುವೆ ಒಂದು ಮೇಟಿ ಕಂಬ ನಿಂತಿತ್ತು.

ಮೇಟಿ ಎಂದರೆ ಕಣದ ನಡುವಿನ ಕಂಬ. ಎತ್ತುಗಳನ್ನು ಅದಕ್ಕೆ ಕಟ್ಟಿ ಸುತ್ತು ತಿರುಗಿಸುತ್ತಿದ್ದರು. ಹಾಲು ಒಸರುವ ಮರದ್ದೇ ಆಗಬೇಕು. ಅತ್ತಿಯ ಕಂಬ ಕಡಿದು ತಂದು, ತುದಿಗೆ ಜೋಳದ ತೆನೆ, ಬೇವಿನ ತಪ್ಪಲು ಕಟ್ಟಿ, ಬುಡಕ್ಕೆ ಅರಿಶಿನದ ಭಂಡಾರ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ್ದರು. ಪಕ್ಕದಲ್ಲಿ ಮುದಿಯಪ್ಪ ಹೊಸ ಧೋತರ ಉಟ್ಟುಕೊಂಡು ಕೈ ಕಟ್ಟಿ ನಿಂತಿದ್ದ. ಬದುವಿನ ಮೇಲೆ ಮುದುಕರೆಲ್ಲ ಆಗಲೇ ಬಂದಿದ್ದರು. ಅವರ ಮುಖದಲ್ಲಿ ಮದುವೆ ಮನೆಯ ಕಳೆ ಇತ್ತು. ಬೇಕಂತ ಮಾಡಿದ ಕೇಡಲ್ಲ ಅದು. ಕಣ ಸಿದ್ಧವಾದ ಮೇಲೆ ಮೇಟಿ ನಡಬೇಕು, ಅಷ್ಟೇ ಅವರಿಗೆ ಗೊತ್ತು. ಅದರ ಮೇಲೆ ವಿಮಾನ ಓಡಬೇಕಲ್ಲ ಎನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ.

"ರೀ," ಎಂದಳು ರೇಣುಕಾ, "ನಿಮ್ಮ ಅಣ್ಣಾರನ್ನ ಕೇಳ್ರಿ, ಇದೇನಂತ."

"ಪರಮ್ಯಾ, ಮೇಟಿ ಅಂತ ಹೇಳು. ಮೇಟಿ ಇಲ್ಲದ ಕಣ ಸುಡಗಾಡಿಗೆ ಸಮ. ಮನಿತನಕ್ಕ ಛಲೋ ಅಲ್ಲ. ನಸುಕಿನ್ಯಾಗ ಎದ್ದು ನಾನ ನಟ್ಟೇನಿ."

"ಕಂಬ ನಡು ಇದ್ರ ಇಮಾನ ಹೆಂಗ ಓಡಬೇಕು ಅಂತ ಕೇಳ್ರಿ."

ಮುದಿಯಪ್ಪ ಕಂಬದ ಕಡೆ ನೋಡಿದ, ವಿಮಾನದ ಕಡೆ ನೋಡಿದ. ಆಗ ಹೊಳೆಯಿತೆಂದು ಕಾಣುತ್ತದೆ. ಆದರೆ ಪೂಜೆ ಮುಗಿದುಹೋಗಿತ್ತು. "ಸುತ್ತು ಹಾಕಿ ಓಡಲಿ ಅಂತ ಹೇಳು. ಎತ್ತು ಹೋಗ್ತಿದ್ದಿಲ್ಲೇನು?" ಎಂದ. ಬದುವಿನ ಮೇಲೆ ಒಬ್ಬಿಬ್ಬರು ನಕ್ಕರು.

"ನೆಟ್ಟಗ ಓಡದಿದ್ರ ಏಳಾಂಗಿಲ್ಲ ಅಂತ ಹೇಳ್ರಿ. ಮೇಟಿ ತಗೀಬೇಕು."

"ಪೂಜಿ ಆದ ಮೇಟಿ ರಾಶಿ ಎತ್ತೂ ಮಟ ಅಲ್ಲಾಡಬಾರದು ಅಂತ ಹೇಳು. ಬೇಕಾದ್ರ ಒಂದು ರಾಶಿ ಹಾಕಿ ಎತ್ತಲಿ, ಆಮ್ಯಾಲ ತಗಿಯೂಣು. ಮುಂದಿನ ವರ್ಷ."

ಪರಮೇಶ, "ನಾಳಿ ನೋಡೂಣಲ್ಲ, ಅಣ್ಣಗ ನಾ ಸಂಜಿ ಮುಂದ ಹೇಳ್ತೀನಿ" ಎಂದು ಮೆಲ್ಲಗೆ ಹೆಂಡತಿಯ ಕಿವಿಯಲ್ಲಿ ಅಂದ. ಅಮಾವಾಸ್ಯೆ ಮರುದಿನವೇ ಇತ್ತು. ಅದು ಕಳೆದರೆ ನೇಗಿಲು. ಅಲ್ಲಿ ನಿಂತಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಇವತ್ತು ಹಾರದಿದ್ದರೆ ಈ ನೆಲವೂ ಇಲ್ಲ. ಇಷ್ಟು ಮಾಡಿದ ಕಣ ಉತ್ತು ಹೋಗುತ್ತದೆ. ವಿಮಾನ ಅಟ್ಟದ ಮೇಲೆ ಧೂಳು ತಿಂದು, ಒಂದು ದಿನ ಮನೆ ಸ್ವಚ್ಛ ಮಾಡುವಾಗ ಯಾರೋ ಹೊರಗೆ ಒಗೆಯುತ್ತಾರೆ.

ರೇಣುಕಾ ವಿಮಾನವನ್ನು ರಾಜಾಬೀಯ ಕೈಗೆ ಕೊಟ್ಟಳು. ಗಂಡನನ್ನು ದಾಟಿ ಮುಂದೆ ಹೋದಳು. ಸೆರಗು ಸರಿಮಾಡಿಕೊಂಡು, ಮುದಿಯಪ್ಪನ ಮುಖ ನೋಡಿ, "ಭಾವಾರ" ಎಂದಳು.

ಬದುವಿನ ಮೇಲಿನ ನಗು ನಿಂತಿತು. ಮುದಿಯಪ್ಪ ತಮ್ಮನ ಕಡೆ ತಿರುಗಿದ.

"ಅವರ ಕಡೆ ನೋಡಬ್ಯಾಡ್ರಿ. ನಾ ನಿಮಗ ಹೇಳಾಕತ್ತೇನಿ. ನೀವು ಚಪ್ಪಲಿ ಬಿಡ್ರಿ ಅಂದ್ರಿ, ಬಿಟ್ವಿ. ಹೊಲ ನಿಮ್ಮ ಕೈಯಾಗೈತಿ ಅಂತ ಕೇಳಿ ಮಾಡೇನಿ, ಕದ್ದು ಮಾಡಿಲ್ಲ. ಈ ಕಣದ ಒಂದೊಂದು ಗೇಣು ನನ್ನ ಮೊಣಕಾಲ ಮ್ಯಾಲ ಬಳದೇನಿ. ಕಾಳಿನ ಕಣಕ್ಕ ಮೇಟಿ ಬೇಕು, ಹೌದು. ಇದು ಕಾಳಿನ ಕಣ ಅಲ್ರಿ. ಇದರ ಧರ್ಮ ಬ್ಯಾರೆ. ಇದಕ್ಕ ನಡು ಏನೂ ಇರಬಾರದು. ನೀವ ನಟ್ಟೀರಿ, ನೀವ ತಗೀರಿ. ಕೈಮುಗಿದು ಕೇಳ್ತೀನಿ."

ಮುದಿಯಪ್ಪ ನೆಲ ನೋಡುತ್ತ ನೇರವಾಗಿಯೇ ಉತ್ತರ ಕೊಟ್ಟ. "ನಾ ನಟ್ಟದ್ದು ನಾ ಕೀಳಾಂಗಿಲ್ಲ."

"ಹಂಗಾರ ನಾ ಕೀಳ್ತೀನ್ರಿ."

"ಹೆಣ್ಮಕ್ಕಳು ಮೇಟಿ ಮುಟ್ಟಬಾರದವಾ."

"ಬಾರದು ಅಂದದ್ದೆಲ್ಲಾ ಬಿಟ್ಟಿದ್ರ ನಿಮ್ಮ ಮನ್ಯಾಗ ಇವತ್ತಿಗೂ ಬರೇ ಹೂಮಾಲಿ ಕೂಲಿ ಬರ್ತಿತ್ತು."

ಬದುವಿನಾಚೆ ನಿಂತಿದ್ದ ಟ್ರ್ಯಾಕ್ಟರಿನಿಂದ ಹಾರೆ ತಂದಳು. ರಾಜಾಬೀ ವಿಮಾನವನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಮೇಟಿ ನನಗೇನು ಹಿಡಿಯಾಂಗಿಲ್ಲ, ನಾ ಕೀಳ್ತೀನಿ ಬಿಡಾ" ಎಂದು ಮುಂದೆ ಬಂದಳು. ರೇಣುಕಾ ಅವಳ ಎದೆಗೆ ಕೈ ಕೊಟ್ಟು ತಡೆದಳು. "ನೀ ಮುಟ್ಟಿದ್ರ ನಾಳಿ ಊರು ಬ್ಯಾರೆ ಮಾತು ಕಟ್ಟತೈತಿ. ನನ್ನ ಬೈಗುಳ ನನಗಿರಲಿ. ನೀ ನೀರು ತಾ."

ಅವಳು ಕಂಬದ ಬುಡಕ್ಕೆ ಕೈ ಮುಗಿದಳು. ಬುಡದಲ್ಲಿದ್ದ ಕಾಯಿ, ಹೂವು, ಭಂಡಾರವನ್ನು ಸೆರಗಿನಲ್ಲಿ ತೆಗೆದುಕೊಂಡು ಬದುವಿನ ಆಚೆ ಬೇವಿನ ಬುಡಕ್ಕೆ ಇಟ್ಟುಬಂದಳು. ಆಮೇಲೆ ಹಾರೆ ಹಾಕಿದಳು. ಮುದಿಯಪ್ಪ ಗಟ್ಟಿಯಾಗಿಯೇ ನಟ್ಟಿದ್ದ. ಬುಡಕ್ಕೆ ಕಲ್ಲು ಜಡಿದಿದ್ದ. ಹಾರೆ ಕಲ್ಲಿಗೆ ತಾಗಿ ಕಿಡಿ ಹಾರಿತು. ಅವಳು ಕಂಬವನ್ನು ತಬ್ಬಿ ಆ ಕಡೆ ಈ ಕಡೆ ತುಯ್ದಳು. ಪರಮೇಶ ಅಣ್ಣನನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ನಂತರ ಯಾರನ್ನೂ ನೋಡದೆ ಹೋಗಿ ಕಂಬಕ್ಕೆ ಹೆಗಲು ಕೊಟ್ಟ. ಆ ಮನುಷ್ಯ ಯಾರೋ ಒಬ್ಬರ ಕಡೆ ಆದದ್ದನ್ನು ನಾನು ಮೊದಲ ಸಲ ಕಂಡೆ.

ಮೇಟಿ ಬಂತು. ಇಬ್ಬರೂ ಅದನ್ನು ಹೊತ್ತು ಬೇವಿಗೆ ಒರಗಿಸಿದರು, ತೆನೆ ಮೇಲೆ ಮಾಡಿಯೇ. ಕಣದ ನಡುವೆ ಒಂದು ಗುಂಡಿ ಉಳಿಯಿತು. ಮಣ್ಣು ತುಂಬಿ, ನೀರು ಹಾಕಿ, ಹಾರೆಯ ಹಿಂಬದಿಯಿಂದ ಜಡಿದು, ಮೇಲೆ ಬಗ್ಗಡ ಸವರಿದರು. ಒಣಗಲು ಹೊತ್ತು ಬೇಕಿತ್ತು. ಬಿಸಿಲು ಬಂದಿತ್ತು, ಬೇವಿನ ತುದಿ ಅಲ್ಲಾಡಲು ಶುರುವಾಗಿತ್ತು.

"ಗಾಳಿ ಎದ್ದೈತಿ, ಸಂಜಿಕ ನೋಡೂಣೇನು?" ಎಂದ ಪರಮೇಶ.

"ಸಂಜಿಕ ಇನ್ನೊಂದು ಕಂಬ ಇರ್ತೈತಿ. ಈಗ."

ಕಣದ ಒಂದು ತುದಿಗೆ ವಿಮಾನ ಇಟ್ಟು, ಹಸಿ ಜಾಗ ತಪ್ಪುವ ಹಾಗೆ ಒಂದು ಮಗ್ಗುಲಿಗೆ ಸರಿಸಿದಳು. ಕೈಗೆ ಹತ್ತಿದ್ದ ಬಗ್ಗಡವನ್ನು ಸೆರಗಿಗೆ ಒರೆಸಿಕೊಂಡು ರಿಮೋಟು ಹಿಡಿದಳು. ಫ್ಯಾನು ಮೊದಲು ಸೊಳ್ಳೆಯ ಹಾಗೆ, ಆಮೇಲೆ ಹಿಟ್ಟಿನ ಗಿರಣಿಯ ಹಾಗೆ ಕೂಗಿತು. ಬದುವಿನ ಮುದುಕರು ಕಿವಿ ಮುಚ್ಚಿಕೊಂಡರು. ವಿಮಾನ ಬೂದು ನೆಲದ ಮೇಲೆ ಓಡಿತು. ಹಸಿ ಜಾಗದ ಪಕ್ಕದಿಂದ ಹೋಯಿತು. ಕಣದ ಕೊನೆ ಹತ್ತಿರ ಬಂತು, ಇನ್ನೂ ನೆಲದ ಮೇಲೆಯೇ ಇತ್ತು. ಪರಮೇಶ, "ಎತ್ತಾ, ಎತ್ತಾ" ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಗಾಲಿ ಕಣ ಬಿಟ್ಟು ಮಣ್ಣಿಗೆ ಬೀಳಬೇಕು ಎನ್ನುವಾಗ ಕಡ್ಡಿ ಎಳೆದಳು. ನೆಲಕ್ಕೂ ಗಾಲಿಗೂ ನಡುವೆ ಬೆಳಕು ಕಂಡಿತು.

ಮೇಲೆ ಹೋದದ್ದು ಎಡಕ್ಕೆ ವಾಲಿತು. ಅವಳು ತುಟಿ ಕಚ್ಚಿ ಬಲಕ್ಕೆ ತಂದಳು. ಮತ್ತೆ ವಾಲಿತು, ಮತ್ತೆ ತಂದಳು. ಆಮೇಲೆ ಅದು ಮಾತು ಕೇಳಿತು. ತೊಗರಿ ಹೊಲದ ಮೇಲೆ ದೊಡ್ಡ ಸುತ್ತು ಹಾಕಿ ನಮ್ಮ ತಲೆಯ ಮೇಲೆ ಬಂದಾಗ ಮೂತಿಯ ಜರಿ ಬಿಸಿಲಿಗೆ ಫಳಕ್ಕೆಂದಿತು. ಕಾಗೆಗಳು ಬೇವು ಬಿಟ್ಟು ಎದ್ದವು. ಹುಚ್ಚೀರಪ್ಪಜ್ಜ ಹೆಗಲ ಮೇಲಿನ ಟವೆಲು ತೆಗೆದು ಬೀಸುತ್ತ, ಹಂತಿಯ ಎತ್ತಿಗೆ ಕೂಗುವ ಅದೇ ಕೂಗು ಹಾಕಿದ. ಮುದಿಯಪ್ಪ ಎಲ್ಲರಿಗಿಂತ ದೂರ ನಿಂತಿದ್ದ. ಅವನ ಕತ್ತೂ ವಿಮಾನದ ಜೊತೆಗೇ ತಿರುಗುತ್ತಿತ್ತು.

ಬ್ಯಾಟರಿ ತೀರುವ ಮೊದಲು ಇಳಿಸಿದಳು. ಇಳಿಯುವಾಗ ಗಾಳಿ ಮಗ್ಗುಲಿಗೆ ತಳ್ಳಿತು. ನೆಟ್ಟಗೆ ಓಡಿ ಬಂದ ಗಾಲಿ ಮೇಟಿಯ ಗುಂಡಿಯ ಹಸಿಯಲ್ಲಿ ಸಿಕ್ಕಿಕೊಂಡಿತು. ಮೂತಿ ನೆಲಕ್ಕೆ ಕುಕ್ಕಿ, ಮುಂದಿನ ಗಾಲಿಯ ಕಡ್ಡಿ ಡೊಂಕಾಯಿತು. ರೆಕ್ಕೆಗೆ ಏನೂ ಆಗಲಿಲ್ಲ.

ಅವಳು ಹೋಗಿ ಎತ್ತಿಕೊಂಡಳು. ಮೂತಿಗೆ ಹತ್ತಿದ್ದ ಸಗಣಿ ಒರೆಸಿದಳು. ಮುದಿಯಪ್ಪ ದೂರದಿಂದಲೇ, "ಪರಮ್ಯಾ, ಮುರೀತೇನು ಕೇಳು" ಎಂದ.

"ಇಲ್ರಿ ಭಾವಾರ," ಎಂದಳು ಅವಳೇ. "ಕಡ್ಡಿ ಡೊಂಕಾಗೇತಿ, ನೆಟ್ಟಗ ಮಾಡ್ತೀನಿ. ನೀವು ಅಮಾಸಿಗೆ ನೇಗಿಲ ಹೂಡಬ್ಯಾಡ್ರಿ. ಈ ಕಣ ನನಗ ಬೇಕು."

ಅವನು ಬೇವಿಗೆ ಒರಗಿಸಿದ್ದ ಮೇಟಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬದು ಹತ್ತಿ ಹೋದ. ಆಗಾಗ ತಮ್ಮನ ಮನೆಗೆ ಊಟಕ್ಕೆ ಬರುತ್ತಿದ್ದವನು ಆ ದಿನ ಬರಲಿಲ್ಲ. ಹೋಳಿಯವರೆಗೂ ಬರಲಿಲ್ಲ. ಅತ್ತಿಯ ಕಂಬ ಮುಟ್ಟಿದ್ದಕ್ಕೆ ಏನಾದರೂ ಆಗುತ್ತದೆಂದು ಊರು ಕಾಯಿತು. ಯಾರದೋ ಎಮ್ಮೆ ಸತ್ತರೂ ಅವಳ ಹೆಸರೇ ಬಂತು. ಆದರೆ ಅಮಾವಾಸ್ಯೆ ಕಳೆದು ಮುದಿಯಪ್ಪನ ನೇಗಿಲು ಹೊಲಕ್ಕೆ ಇಳಿದಾಗ, ಕಣದ ಅಂಚಿನವರೆಗೆ ಬಂದು ತಿರುಗಿ ಹೋಯಿತು. ಆ ಬೂದು ಪಟ್ಟಿ ಹಾಗೆಯೇ ಉಳಿದಿದೆ. ಅದರ ಮೇಲೆ ಎಷ್ಟು ಸಲ ಹಾರಿಸಿದ್ದಾಳೋ ನಾನು ಎಣಿಸಿಲ್ಲ.

ಆ ಮೊದಲ ದಿನ ನಾವು ಹೊಲದಿಂದ ಮನೆಗೆ ಬರುವಾಗ ದಾರಿಯುದ್ದಕ್ಕೂ ಮಂದಿ ಬಾಗಿಲಿಗೆ ಬಂದು ನೋಡಿದರು. ಕೆಲವರು ಒಳಗೆ ಹೋಗಿ ಕದ ಹಾಕಿಕೊಂಡರು. ಅವಳು ತಲೆ ತಗ್ಗಿಸಲಿಲ್ಲ. ವಿಮಾನವನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕುವಷ್ಟರಲ್ಲಿ ಹೊರಗಿನಿಂದ ರಾಜಾಬೀ, "ನಳ ಬಿಟ್ಟಾರ ನೋಡಾ" ಎಂದಳು. ನಮ್ಮ ಓಣಿಯಲ್ಲಿ ನೀರು ಯಾವಾಗ ಬರುತ್ತದೋ, ಯಾವಾಗ ನಿಲ್ಲುತ್ತದೋ ಹೇಳಲಾಗುವುದಿಲ್ಲ. ರೇಣುಕಾ ಸೆರಗು ಸಿಕ್ಕಿಸಿಕೊಂಡು ಕೊಡಗಳನ್ನು ಹೊರಗೆ ತಂದು ಸಾಲಾಗಿ ಇಟ್ಟಳು. ಮೊದಲು ಬಂದ ಕೆಂಪು ನೀರನ್ನು ಮೋರಿಗೆ ಬಿಟ್ಟಳು. ತಿಳಿ ಬಂದ ಮೇಲೆ ಕೊಡದ ಬಾಯಿಗೆ ಬಿಳಿ ಅರಿವೆ ಎರಡು ಮಡಿಕೆ ಮಾಡಿ ಕಟ್ಟಿ, ನಳದ ಕೆಳಗೆ ಹಿಡಿದು, ಒಂದು ತುಂಬಿದಾಗ ಇನ್ನೊಂದನ್ನು ಸರಿಸುತ್ತ ನೀರು ಸೋಸಿ ತುಂಬಿಕೊಂಡಳು.